ಲಿನಕ್ಸ್ ಸರ್ವರ್‌ನಲ್ಲಿ ಪ್ಯಾಕೆಟ್ ಡ್ರಾಪ್ ನಿಲ್ಲಿಸುವುದು ಹೇಗೆ: ಕಾರ್ಡಿನಿಂದ ಸಾಕೆಟ್‌ವರೆಗೆ, ಹಂತ ಹಂತವಾಗಿ

"ಪ್ಯಾಕೆಟ್ ಡ್ರಾಪ್ ಆಗ್ತಿದೆ", ಅಂದರೆ ನೆಟ್‌ವರ್ಕ್‌ನಲ್ಲಿ ಬಂದ ಡೇಟಾದ ತುಣುಕುಗಳು ದಾರಿಯಲ್ಲೇ ಬಿದ್ದುಹೋಗುತ್ತಿವೆ ಅಂತ ಕೇಳಿದ ತಕ್ಷಣ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಎಲ್ಲಿಂದಲೋ ಇಪ್ಪತ್ತು ಸಾಲಿನ ಸಿಸ್‌ಸಿಟಿಎಲ್ (ಲಿನಕ್ಸ್‌ನ ತಿರುಳಾದ ಕರ್ನಲ್‌ನ ಸೆಟ್ಟಿಂಗ್) ಪಟ್ಟಿ ತಂದು ಅಂಟಿಸಿ, ಸರ್ವರ್ ರೀಬೂಟ್ ಮಾಡಿ, ಕೈಮುಗಿದು ಕೂರುತ್ತಾರೆ. ಡ್ರಾಪ್ ನಿಲ್ಲುವುದಿಲ್ಲ. ಅದೇ ಸಂಖ್ಯೆಗಳನ್ನು ಹತ್ತು ಪಟ್ಟು ಮಾಡುತ್ತಾರೆ. ಆಗಲೂ ನಿಲ್ಲುವುದಿಲ್ಲ.

ಕಾರಣ ಇಷ್ಟೆ. ನೆಟ್‌ವರ್ಕ್ ಕಾರ್ಡಿಗೆ ಬಂದ ಪ್ಯಾಕೆಟ್ ಅಪ್ಲಿಕೇಶನ್ ತಲುಪುವಷ್ಟರಲ್ಲಿ ಬಿದ್ದುಹೋಗಬಹುದಾದ ಜಾಗ ಐದಾರಿವೆ. ಒಂದೊಂದು ಜಾಗಕ್ಕೂ ಬೇರೆ ಕೌಂಟರ್, ಬೇರೆ ತಿರುಪು. ಯಾವ ಕೌಂಟರ್ ಏರುತ್ತಿದೆ ಅಂತ ನೋಡದೆ ಕೈಗೆ ಸಿಕ್ಕ ತಿರುಪು ತಿರುಗಿಸುವುದು, ದೋಸೆ ಹಾಕುವವನು ಒಬ್ಬನೇ ಇರುವ ದರ್ಶಿನಿಯಲ್ಲಿ ಟೋಕನ್ ಕೌಂಟರ್ ಎರಡು ಮಾಡಿದ ಹಾಗೆ.

## ಶುರು ಮಾಡುವ ಮೊದಲು

ಇಲ್ಲಿರುವುದೆಲ್ಲ ಪ್ಯಾಕೆಟ್ ಒಳಗೆ ಬರುವ ದಾರಿಯ ಮಾತು. ಹೊರಗೆ ಕಳಿಸುವಾಗ ಕಷ್ಟ ಕಡಿಮೆ, ಕೈಲಾದಷ್ಟೇ ಕಳಿಸಬಹುದು. ಬರುವುದನ್ನು ಬೇಡ ಅನ್ನೋಕಾಗಲ್ಲ ಅಲ್ವಾ?

ಬೇಕಾದ ಸಲಕರಣೆಗಳು: ಈಥ್‌ಟೂಲ್ (ಕಾರ್ಡ್ ನೋಡಲು, ಬದಲಿಸಲು), ಸಿಸ್‌ಸ್ಟ್ಯಾಟ್ ಪ್ಯಾಕೇಜಿನ ಎಂಪಿಸ್ಟ್ಯಾಟ್ (ಸಿಪಿಯು ಬಳಕೆ) ಮತ್ತು ಸಾರ್ (ಟ್ರಾಫಿಕ್ ಅಳತೆ), ಐಪಿರೂಟ್2 ಜೊತೆ ಬರುವ ಎನ್‌ಸ್ಟ್ಯಾಟ್ (ಕರ್ನಲ್ ಕೌಂಟರ್‌ಗಳು) ಮತ್ತು ಎಸ್‌ಎಸ್ (ಸಾಕೆಟ್‌ಗಳ ವಿವರ), ಕೊನೆಗೆ ಪರ್ಫ್ (ಕರ್ನಲ್‌ನಲ್ಲಿ ಹೊತ್ತು ಎಲ್ಲಿ ಹೋಗುತ್ತಿದೆ ಅಂತ ತೋರಿಸುವುದು). ರೂಟ್ (ಅಡ್ಮಿನ್) ಅನುಮತಿ ಬೇಕೇ ಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ನೆಟ್‌ವರ್ಕ್ ಹೋದರೂ ಮೆಷಿನ್‌ಗೆ ಕೈ ತಲುಪುವ ಇನ್ನೊಂದು ದಾರಿ ಇರಬೇಕು. ಸೀರಿಯಲ್ ಕನ್ಸೋಲೋ ಐಪಿಎಂಐಯೋ (ಸರ್ವರನ್ನು ದೂರದಿಂದ ನಿಭಾಯಿಸುವ ಪ್ರತ್ಯೇಕ ವ್ಯವಸ್ಥೆ), ಯಾವುದಾದರೂ ಸರಿ. ಏಕೆ ಅಂತ ಹಂತ 3ರಲ್ಲಿ ಗೊತ್ತಾಗುತ್ತದೆ.

ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳುವ ಹಾಗೆ ಬರೆದಿದ್ದೇನೆ: ಸಣ್ಣ ಜಿ, ದೊಡ್ಡ ಜಿ ಅಂತ. ಈಥ್‌ಟೂಲ್‌ನಲ್ಲಿ ಸಾಮಾನ್ಯವಾಗಿ ಸಣ್ಣಕ್ಷರ ನೋಡಲು, ದೊಡ್ಡಕ್ಷರ ಬದಲಿಸಲು. ಎಸ್ ಮಾತ್ರ ತಿರುಗುಮುರುಗು. ದೊಡ್ಡ ಎಸ್ ಅಂಕಿಅಂಶ ತೋರಿಸುತ್ತದೆ, ಸಣ್ಣ ಎಸ್ ಸೆಟ್ಟಿಂಗ್ ಬದಲಿಸುತ್ತದೆ. ಇದರಲ್ಲಿ ಎಡವಿದವರು ಬಹಳ ಮಂದಿ.

## ಪ್ಯಾಕೆಟ್ ಸಾಗುವ ದಾರಿ

ಇದನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿಕೊಳ್ಳಿ.

ಪ್ಯಾಕೆಟ್ ಬಂದಾಗ ಕಾರ್ಡ್ ಅದನ್ನು ಸಿಪಿಯುವನ್ನು ಕೇಳದೆ ನೇರವಾಗಿ ಮೆಮೊರಿಗೆ ಬರೆಯುತ್ತದೆ. ಬರೆಯುವ ಜಾಗದ ಹೆಸರು ರಿಂಗ್ ಬಫರ್. ಆಮೇಲೆ ಇಂಟರಪ್ಟ್ ಕೊಡುತ್ತದೆ, ಅಂದರೆ ಸಿಪಿಯುವನ್ನು ಕರೆಯುತ್ತದೆ. ಇಂಟರಪ್ಟ್ ಹ್ಯಾಂಡ್ಲರ್ ಹೆಚ್ಚೇನೂ ಮಾಡುವುದಿಲ್ಲ. ಆ ಕ್ಯೂವಿನ (ಕಾರ್ಡಿನಲ್ಲಿ ಹಲವು ಕ್ಯೂ ಇರಬಹುದು, ಒಂದೊಂದಕ್ಕೂ ಒಂದು ರಿಂಗ್) ಇಂಟರಪ್ಟ್ ಬಂದ್ ಮಾಡಿ, "ಕೆಲಸ ಇದೆ" ಅಂತ ಚೀಟಿ ಇಟ್ಟು ಹೋಗುತ್ತದೆ. ನಿಜವಾದ ಕೆಲಸ ಸಾಫ್ಟ್‌ಐಆರ್‌ಕ್ಯೂನದ್ದು, ಅಂದರೆ ಕರ್ನಲ್ ಆಮೇಲೆ ಮಾಡುವ ಬಾಕಿ ಕೆಲಸದ ಭಾಗದ್ದು. ಅದು ನಾಪಿ ಅನ್ನುವ, ಕಂತು ಕಂತಾಗಿ ಎತ್ತುವ ಪದ್ಧತಿಯಲ್ಲಿ ಒಂದು ಸಲಕ್ಕೆ 64ರಂತೆ ಪ್ಯಾಕೆಟ್ ಎತ್ತುತ್ತದೆ. ಜಿಆರ್‌ಓ ಅನ್ನುವ ಕರ್ನಲ್ ಸೌಲಭ್ಯ ಒಂದೇ ಫ್ಲೋಗೆ (ಅದೇ ಇಬ್ಬರ ನಡುವಿನ ಒಂದು ಹರಿವಿಗೆ) ಸೇರಿದ ಚಿಕ್ಕ ಪ್ಯಾಕೆಟ್‌ಗಳನ್ನು ಒಟ್ಟುಗೂಡಿಸುತ್ತದೆ. ಅಲ್ಲಿಂದ ಫೈರ್‌ವಾಲ್ ನಿಯಮಗಳು, ಐಪಿ ಪದರ, ಟಿಸಿಪಿ ಅಥವಾ ಯುಡಿಪಿ, ಕೊನೆಗೆ ಸಾಕೆಟ್ ಬಫರ್, ಅಂದರೆ ಅಪ್ಲಿಕೇಶನ್‌ಗಾಗಿ ಪ್ಯಾಕೆಟ್ ಕಾಯುವ ಜಾಗ. ಅಲ್ಲಿಂದ ಎತ್ತಿಕೊಳ್ಳುವುದು ಅಪ್ಲಿಕೇಶನ್ ಕೆಲಸ.

ಮುಖ್ಯವಾಗಿ ತುಂಬಿ ತುಳುಕುವ ಜಾಗಗಳು ಎರಡು, ರಿಂಗ್ ಮತ್ತು ಸಾಕೆಟ್ ಬಫರ್. ನಡುವೆ ಸಿಕ್ಕಿಹಾಕಿಕೊಳ್ಳುವುದು ಸಿಪಿಯು.

## ಹಂತ 1: ಸೆಕೆಂಡಿಗೆ ಎಷ್ಟು ಪ್ಯಾಕೆಟ್ ಅಂತ ಲೆಕ್ಕ ಹಾಕಿ

"ಲಿಂಕ್ 10 ಗಿಗಾಬಿಟ್, ಬಳಕೆ 2 ಗಿಗಾಬಿಟ್ ಅಷ್ಟೆ, ಹೇಗೆ ಡ್ರಾಪ್ ಆಗುತ್ತೆ?" ಈ ಪ್ರಶ್ನೆ ನನಗೆ ವಾರಕ್ಕೊಮ್ಮೆ ಬರುತ್ತದೆ. ಕರ್ನಲ್‌ಗೆ ಭಾರ ಅನಿಸುವುದು ಬಿಟ್‌ಗಳಲ್ಲ, ಪ್ಯಾಕೆಟ್‌ಗಳು. 1500 ಬೈಟಿನ ಪ್ಯಾಕೆಟ್‌ಗಳಿಂದ 10 ಗಿಗಾಬಿಟ್ ತುಂಬಿಸಿದರೆ ಸೆಕೆಂಡಿಗೆ ಸುಮಾರು 8.12 ಲಕ್ಷ ಪ್ಯಾಕೆಟ್. ಅದೇ ಲಿಂಕನ್ನು 64 ಬೈಟಿನ ಫ್ರೇಮ್‌ಗಳಿಂದ ತುಂಬಿಸಿದರೆ 1.488 ಕೋಟಿ. ಮೊದಲನೆಯದರಲ್ಲಿ ಒಂದು ಪ್ಯಾಕೆಟ್‌ಗೆ 1,230 ನ್ಯಾನೊಸೆಕೆಂಡ್ ಸಿಗುತ್ತದೆ. ಎರಡನೆಯದರಲ್ಲಿ 67. ಅಂದರೆ 3 ಗಿಗಾಹರ್ಟ್ಸ್ ಕೋರ್‌ಗೆ ಸುಮಾರು 200 ಸೈಕಲ್. ಮೆಮೊರಿಗೆ ಒಂದು ಸಲ ಹೋಗಿ ಬರುವುದರಲ್ಲೇ ಅದು ಮುಗಿದುಹೋಗಬಹುದು.

ಸಾರ್ ಕಮಾಂಡ್‌ಗೆ ಸಣ್ಣ ಎನ್ ಮತ್ತು ಡೆವ್ ಕೊಟ್ಟು, ಸೆಕೆಂಡಿಗೊಮ್ಮೆ ಅಂತ ಓಡಿಸಿ. ಒಳಬರುವ ಪ್ಯಾಕೆಟ್ ಸಂಖ್ಯೆಯನ್ನು ಹತ್ತು ನಿಮಿಷ ಬರೆದಿಟ್ಟುಕೊಳ್ಳಿ. ಟ್ರಾಫಿಕ್ ಜಾಸ್ತಿ ಇರುವ ಹೊತ್ತಿನಲ್ಲೇ ಅಳೆಯಿರಿ. ರಾತ್ರಿ ಮೂರು ಗಂಟೆಗೆ ಎಲ್ಲ ಸರ್ವರ್‌ಗಳೂ ಸಾಧು ಹಸುಗಳೇ.

ಸಾಮಾನ್ಯ ತಪ್ಪು: ಲ್ಯಾಬ್‌ನಲ್ಲಿ ಐಪರ್ಫ್3 (ನೆಟ್‌ವರ್ಕ್ ವೇಗ ಅಳೆಯುವ ಪ್ರೋಗ್ರಾಂ) ಓಡಿಸಿ "ಸರ್ವರ್ ಇಷ್ಟೇ ತಡೆಯುತ್ತೆ" ಅಂತ ತೀರ್ಮಾನ ಮಾಡುವುದು. 3.16 ಆವೃತ್ತಿಗಿಂತ ಹಳೆಯ ಐಪರ್ಫ್3 ಎಷ್ಟು ಸ್ಟ್ರೀಮ್ ಕೇಳಿದರೂ ಎಲ್ಲವನ್ನೂ ಒಂದೇ ಥ್ರೆಡ್‌ನಲ್ಲಿ ಓಡಿಸುತ್ತದೆ. ನೀವು ಅಳೆದದ್ದು ಕಳಿಸುವ ಮೆಷಿನ್ನಿನ ಒಂದು ಕೋರನ್ನು. ಕಳಿಸುವ ಕಡೆಯೂ ಎಂಪಿಸ್ಟ್ಯಾಟ್ ಹಾಕಿ ನೋಡಿ.

## ಹಂತ 2: ಎಲ್ಲಿ ಬೀಳುತ್ತಿದೆ ಅಂತ ಹಿಡಿಯಿರಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಗೆ. ಈ ನಾಲ್ಕು ಜಾಗಗಳನ್ನು ಇದೇ ಕ್ರಮದಲ್ಲಿ ನೋಡಿ. ಒಟ್ಟು ಸಂಖ್ಯೆ ನೋಡಬೇಡಿ, ಅದರಲ್ಲಿ ಆರು ತಿಂಗಳ ಹಿಂದಿನ ಪಾಪವೂ ಸೇರಿರುತ್ತದೆ. ಹತ್ತು ಸೆಕೆಂಡ್ ಬಿಟ್ಟು ಎರಡು ಸಲ ನೋಡಿ, ಎಷ್ಟು ಏರಿತು ಅಂತ ಕಳೆಯಿರಿ.

1. ಕಾರ್ಡ್. ಈಥ್‌ಟೂಲ್ ದೊಡ್ಡ ಎಸ್. ಹೆಸರುಗಳು ಡ್ರೈವರ್‌ಗೊಂದು ಥರ. ಇಂಟೆಲ್ ಕಾರ್ಡುಗಳಲ್ಲಿ ಆರ್‌ಎಕ್ಸ್ ಮಿಸ್ಡ್ ಎರರ್ಸ್, ಮೆಲನಾಕ್ಸ್‌ನಲ್ಲಿ ಆರ್‌ಎಕ್ಸ್ ಔಟ್ ಆಫ್ ಬಫರ್. ಇವು ಏರುತ್ತಿದ್ದರೆ ರಿಂಗ್ ಖಾಲಿಯಾಗುವ ವೇಗ ಸಾಲುತ್ತಿಲ್ಲ ಅಂತ ಅರ್ಥ.

2. ಸಿಪಿಯು. ಪ್ರಾಕ್ ಡೈರೆಕ್ಟರಿಯ ನೆಟ್ ಒಳಗೆ ಸಾಫ್ಟ್‌ನೆಟ್ ಸ್ಟ್ಯಾಟ್ ಅಂತ ಫೈಲ್ ಇದೆ. ಒಂದು ಸಿಪಿಯುಗೆ ಒಂದು ಸಾಲು. ಮೊದಲ ಕಾಲಂ ಎತ್ತಿದ ಪ್ಯಾಕೆಟ್ ಎಷ್ಟು, ಎರಡನೆಯದು ಬ್ಯಾಕ್‌ಲಾಗ್ (ಆ ಸಿಪಿಯುನ ಕಾಯುವ ಸಾಲು, ಹಂತ 6 ನೋಡಿ) ತುಂಬಿ ಬಿದ್ದದ್ದು ಎಷ್ಟು, ಮೂರನೆಯದು ಕೆಲಸ ಬಾಕಿ ಇದ್ದೂ ಹೊತ್ತು ಮೀರಿತು ಅಂತ ಎದ್ದು ಬಂದದ್ದು ಎಷ್ಟು ಸಲ. ಸಂಖ್ಯೆಗಳು ಹೆಕ್ಸ್‌ನಲ್ಲಿ (ಹದಿನಾರರ ಲೆಕ್ಕದಲ್ಲಿ) ಇರುತ್ತವೆ. 00000012 ಅಂದರೆ ಹನ್ನೆರಡಲ್ಲ, ಹದಿನೆಂಟು.

3. ಫೈರ್‌ವಾಲ್. ಡಿಮೆಸೇಜ್‌ನಲ್ಲಿ (ಕರ್ನಲ್ ಸಂದೇಶಗಳು) ಕಾನ್‌ಟ್ರ್ಯಾಕ್ ಟೇಬಲ್ (ಕನೆಕ್ಷನ್‌ಗಳ ಪಟ್ಟಿ) ತುಂಬಿದೆ, ಪ್ಯಾಕೆಟ್ ಬಿಸಾಡುತ್ತಿದ್ದೇನೆ ಅನ್ನುವ ಸಾಲು ಇದೆಯಾ ನೋಡಿ.

4. ಸಾಕೆಟ್. ಎನ್‌ಸ್ಟ್ಯಾಟ್ ಓಡಿಸಿ. ಹಿಂದಿನ ಸಲದಿಂದ ಎಷ್ಟು ಏರಿದೆ ಅಂತ ಅದೇ ಕಳೆದು ಕೊಡುತ್ತದೆ. ಯುಡಿಪಿ ಆರ್‌ಸಿವಿಬಫ್ ಎರರ್ಸ್ ಏರುತ್ತಿದ್ದರೆ ಅಪ್ಲಿಕೇಶನ್ ನಿಧಾನ. ಟಿಸಿಪಿಗೆ ಲಿಸನ್ ಓವರ್‌ಫ್ಲೋಸ್ ನೋಡಿ, ಅದು ಹೊಸ ಕನೆಕ್ಷನ್‌ಗಳು ಕಾಯುವ ಸಾಲು ತುಂಬಿದ್ದರ ಲೆಕ್ಕ.

ಬರುವ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್‌ನಿಂದಲೂ ಒಂದು ಸುಳಿವು ಸಿಗುತ್ತದೆ. ಟಿಸಿಪಿಡಂಪ್‌ಗೆ ಕಂಡು ಅಪ್ಲಿಕೇಶನ್‌ಗೆ ಕಾಣದಿದ್ದರೆ ತೊಂದರೆ ಮೇಲಿನ ಅರ್ಧದಲ್ಲಿದೆ: ಫೈರ್‌ವಾಲ್, ರೂಟಿಂಗ್ ಅಥವಾ ಸಾಕೆಟ್. ಆದರೆ ಟ್ರಾಫಿಕ್ ಜಾಸ್ತಿ ಇರುವಾಗ ಫಿಲ್ಟರ್ ಇಲ್ಲದೆ ಅದನ್ನು ಬಿಡಬೇಡಿ. ಪ್ರತಿ ಪ್ಯಾಕೆಟ್‌ನ ಒಂದು ನಕಲನ್ನು ತನಗೂ ಕೇಳುವುದರಿಂದ ಅದೇ ಒಂದು ಹೊರೆ.

ದಾರಿ ತಪ್ಪಿಸುವ ಕೌಂಟರ್: ಐಪಿ ಲಿಂಕ್ ತೋರಿಸುವ "ಡ್ರಾಪ್ಡ್" ಸಂಖ್ಯೆ. ಕರ್ನಲ್‌ಗೆ ಗುರುತಿಲ್ಲದ ಪ್ರೋಟೋಕಾಲ್‌ನ ಫ್ರೇಮ್ ಬಂದರೂ ಅದು ಏರುತ್ತದೆ. ಸ್ವಿಚ್ ತನ್ನ ಪರಿಚಯ ಹೇಳಲು ಆಗಾಗ ಕಳಿಸುವ ಎಲ್‌ಎಲ್‌ಡಿಪಿ ಫ್ರೇಮ್‌ಗಳಿಂದಲೇ ದಿನವಿಡೀ ನಿಧಾನವಾಗಿ ಏರುತ್ತಾ ಹೋಗಬಹುದು. ಲೋಡ್ ಇರಲಿ ಬಿಡಲಿ ಒಂದೇ ಲಯದಲ್ಲಿ ಏರುತ್ತಿದ್ದರೆ ಅದರ ಬೆನ್ನು ಹತ್ತಬೇಡಿ.

ಕ್ಲೌಡ್‌ನಲ್ಲಿದ್ದರೆ ಇನ್ನೂ ಒಂದು ಜಾಗ ಇದೆ. ಎಡಬ್ಲ್ಯುಎಸ್‌ನ ಇಎನ್‌ಎ ಡ್ರೈವರ್ ದೊಡ್ಡ ಎಸ್ ಪಟ್ಟಿಯಲ್ಲಿ ಪಿಪಿಎಸ್ ಅಲೋಯನ್ಸ್ ಎಕ್ಸೀಡೆಡ್ ಅಂತ ತೋರಿಸುತ್ತದೆ. ಅದು ಏರುತ್ತಿದ್ದರೆ ನಿಮ್ಮ ಇನ್‌ಸ್ಟೆನ್ಸ್‌ನ ಮಿತಿ ಮುಗಿದಿದೆ. ಕರ್ನಲ್‌ನಲ್ಲಿ ಏನು ತಿರುಗಿಸಿದರೂ ಅಷ್ಟೆ, ದೊಡ್ಡ ಇನ್‌ಸ್ಟೆನ್ಸ್ ತಗೊಳ್ಳಿ.

## ಹಂತ 3: ರಿಂಗ್ ದೊಡ್ಡದು ಮಾಡಿ, ಆದರೆ ಲೆಕ್ಕ ಹಾಕಿ

ಕಾರ್ಡ್ ಕೌಂಟರ್ ಏರುತ್ತಿದ್ದರೆ ಮಾತ್ರ ಈ ಹಂತ. ಈಥ್‌ಟೂಲ್ ಸಣ್ಣ ಜಿ ಈಗಿನ ಅಳತೆ ಮತ್ತು ಗರಿಷ್ಠ ಎರಡನ್ನೂ ತೋರಿಸುತ್ತದೆ. ಬಹಳಷ್ಟು ಇಂಟೆಲ್ ಡ್ರೈವರ್‌ಗಳು 256 ಅಥವಾ 512ಕ್ಕೆ ಶುರುವಾಗುತ್ತವೆ, 4096ವರೆಗೆ ಹೋಗುತ್ತವೆ.

ಒಂದು ಕ್ಯೂಗೆ ಸೆಕೆಂಡಿಗೆ 10 ಲಕ್ಷ ಪ್ಯಾಕೆಟ್ ಬರುತ್ತಿದೆ ಅಂದುಕೊಳ್ಳಿ. 512 ಜಾಗದ ರಿಂಗ್ ಅರ್ಧ ಮಿಲಿಸೆಕೆಂಡಿನಲ್ಲಿ ತುಂಬುತ್ತದೆ. ಆ ಕೋರ್ ಬೇರೆ ಕೆಲಸದಲ್ಲಿ ಒಂದು ಮಿಲಿಸೆಕೆಂಡ್ ಸಿಕ್ಕಿಕೊಂಡರೂ ಡ್ರಾಪ್. 4096 ಮಾಡಿದರೆ ನಾಲ್ಕು ಮಿಲಿಸೆಕೆಂಡ್ ಉಸಿರಾಡಬಹುದು. ರಿಂಗ್ ಕೊಡುವುದು ಇಷ್ಟೇ, ಉಸಿರಾಡಲು ಹೊತ್ತು. ಸಿಪಿಯು ಸತತವಾಗಿ ಹಿಂದೆ ಬಿದ್ದಿದ್ದರೆ ಎಷ್ಟು ದೊಡ್ಡ ರಿಂಗೂ ತುಂಬಿಯೇ ತುಂಬುತ್ತದೆ.

ಸುಮ್ನೆ ಗರಿಷ್ಠಕ್ಕೆ ಏರಿಸಬೇಡಿ. 16 ಕ್ಯೂ, ಪ್ರತಿಯೊಂದರಲ್ಲೂ 4096 ಜಾಗ ಅಂದರೆ ಪ್ಯಾಕೆಟ್‌ಗಳು ಸಿಪಿಯು ಕ್ಯಾಶ್‌ನಲ್ಲಿ ಹಿಡಿಯದೆ ಮೆಮೊರಿಗೆ ಚೆಲ್ಲುತ್ತವೆ. ಆಗ ಪ್ರತಿ ಪ್ಯಾಕೆಟ್‌ಗೂ ಖರ್ಚು ಏರುತ್ತದೆ. 1024ಕ್ಕೆ ಏರಿಸಿ ನೋಡಿ, ಆಮೇಲೆ 2048.

ಎಚ್ಚರಿಕೆ: ಹೆಚ್ಚಿನ ಡ್ರೈವರ್‌ಗಳಲ್ಲಿ ದೊಡ್ಡ ಜಿ ಒತ್ತಿದರೆ ಇಂಟರ್‌ಫೇಸ್ ಒಮ್ಮೆ ಕೆಳಗೆ ಬಿದ್ದು ಏಳುತ್ತದೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ, ಹಬ್ಬದ ಹಿಂದಿನ ಸಂಜೆ ಎಸ್‌ಎಸ್‌ಎಚ್ ಬಂದಿದ್ದ ಇಂಟರ್‌ಫೇಸ್‌ಗೇ ಇದನ್ನು ಹೊಡೆದೆ. ಲಿಂಕ್ ಎದ್ದಿತು. ಆದರೆ ಕೈಯಲ್ಲಿ ಸೇರಿಸಿದ್ದ ರೂಟ್ (ಪ್ಯಾಕೆಟ್ ಹೋಗಬೇಕಾದ ದಾರಿ) ಏಳಲಿಲ್ಲ. ಕನ್ಸೋಲ್ ಪಾಸ್‌ವರ್ಡ್ ಗೊತ್ತಿದ್ದವರು ಊರಿಗೆ ಹೊರಟ ಬಸ್ಸಿನಲ್ಲಿದ್ದರು.

## ಹಂತ 4: ಒಂದೇ ಕೋರ್ ಮೇಲೆ ಎಲ್ಲ ಹೊರೆ ಬಿದ್ದಿದೆಯಾ?

ನಾನು ನೋಡಿದ ಹತ್ತು ಕೇಸ್‌ನಲ್ಲಿ ಆರೇಳು ಇಲ್ಲಿಗೇ ಬಂದು ನಿಲ್ಲುತ್ತವೆ.

ಎಂಪಿಸ್ಟ್ಯಾಟ್‌ಗೆ ದೊಡ್ಡ ಪಿ, ಆಲ್ ಅಂತ ಕೊಟ್ಟು ಸೆಕೆಂಡಿಗೊಮ್ಮೆ ನೋಡಿ. "ಸಾಫ್ಟ್" ಅನ್ನುವ ಕಾಲಂ ಮೇಲೆ ಕಣ್ಣಿಡಿ. ಒಂದು ಸಿಪಿಯುನಲ್ಲಿ 100ರ ಹತ್ತಿರ, ಮಿಕ್ಕವು ಖಾಲಿ ಕೂತಿದ್ದರೆ ರೋಗ ಸಿಕ್ಕಿತು. ಟಾಪ್ ಕಮಾಂಡ್‌ನಲ್ಲಿ ಕೆಸಾಫ್ಟ್‌ಐಆರ್‌ಕ್ಯೂಡಿ ಪ್ರೊಸೆಸ್ ಒಂದೇ ಒಂದು ಮೇಲೆ ಕೂತಿರುವುದೂ ಅದೇ ಲಕ್ಷಣ.

ಒಂದು ಸರ್ವರ್‌ನ ಕತೆ ಹೇಳುತ್ತೇನೆ. ಯುಡಿಪಿಯಲ್ಲಿ ಲಾಗ್ ಸಂಗ್ರಹಿಸುವ 16 ಕೋರ್‌ನ ಮೆಷಿನ್. ಕಾರ್ಡ್‌ನಲ್ಲಿ 16 ಕ್ಯೂ. ಪ್ರಾಕ್‌ನ ಇಂಟರಪ್ಟ್ಸ್ ಫೈಲ್ ನೋಡಿದರೆ 16 ಸಾಲು ಸರಿಯಾಗಿ 16 ಕೋರ್‌ಗೆ ಹಂಚಿವೆ. ಆದರೂ ಸಿಪಿಯು 5 ಮಾತ್ರ ಉರಿಯುತ್ತಿದೆ. ವಾಚ್ ಕಮಾಂಡ್ ಹಾಕಿಕೊಂಡು ಆ ಫೈಲ್ ನೋಡುತ್ತಾ ಕೂತೆವು. ಹದಿನೈದು ಸಾಲಿನ ಅಂಕಿ ಅಲುಗಾಡುತ್ತಿಲ್ಲ, ಒಂದೇ ಸಾಲು ಓಡುತ್ತಿದೆ.

ಕ್ಯೂ ಯಾವುದು ಅಂತ ಕಾರ್ಡ್ ಹ್ಯಾಶ್ ಹಾಕಿ ತೀರ್ಮಾನಿಸುತ್ತದೆ. ಇದಕ್ಕೆ ಆರ್‌ಎಸ್‌ಎಸ್ ಅಂತ ಹೆಸರು. ಟಿಸಿಪಿಗಾದರೆ ಎರಡು ಐಪಿ, ಎರಡು ಪೋರ್ಟ್ ಸೇರಿಸಿ ಹ್ಯಾಶ್ ಹಾಕುತ್ತದೆ. ಬಹಳ ಕಾರ್ಡುಗಳು ಯುಡಿಪಿಗೆ ಬರೀ ಐಪಿಗಳನ್ನು ಮಾತ್ರ ನೋಡುತ್ತವೆ. ನಮ್ಮ ಸರ್ವರ್‌ಗೆ ಎಲ್ಲ ಲಾಗೂ ಬರುತ್ತಿದ್ದುದು ಒಂದೇ ಫಾರ್ವರ್ಡರ್‌ನಿಂದ. ಐಪಿ ಜೋಡಿ ಒಂದೇ, ಹ್ಯಾಶ್ ಒಂದೇ, ಕ್ಯೂ ಒಂದೇ.

ಈಥ್‌ಟೂಲ್ ಸಣ್ಣ ಎನ್‌ಗೆ ಆರ್‌ಎಕ್ಸ್ ಫ್ಲೋ ಹ್ಯಾಶ್, ಯುಡಿಪಿ4 ಅಂತ ಕೊಟ್ಟರೆ ಈಗ ಏನನ್ನು ನೋಡುತ್ತಿದೆ ಅಂತ ಹೇಳುತ್ತದೆ. ದೊಡ್ಡ ಎನ್‌ನಿಂದ ಅದೇ ಜಾಗಕ್ಕೆ ಎಸ್-ಡಿ-ಎಫ್-ಎನ್ ಅನ್ನುವ ನಾಲ್ಕು ಅಕ್ಷರ ಕೊಡಿ. ಎಸ್, ಡಿ ಅಂದರೆ ಎರಡು ಐಪಿ. ಎಫ್, ಎನ್ ಅಂದರೆ ಎರಡು ಪೋರ್ಟ್. ಆ ಫಾರ್ವರ್ಡರ್ ಹತ್ತಾರು ಸೋರ್ಸ್ ಪೋರ್ಟ್ ಬಳಸುತ್ತಿತ್ತು, ಹಾಗಾಗಿ ಆ ಒಂದು ಸಾಲಿನಿಂದಲೇ ಹೊರೆ ಹಂಚಿಹೋಯಿತು. ಅದಕ್ಕೂ ಮೊದಲು ಎರಡು ವಾರ ಸಿಸ್‌ಸಿಟಿಎಲ್ ತಿದ್ದುತ್ತಾ ಕೂತಿದ್ದರು.

ಇದಕ್ಕೊಂದು ಷರತ್ತಿದೆ. ದೊಡ್ಡ ಯುಡಿಪಿ ಡೇಟಾಗ್ರಾಂ ತುಂಡಾಗಿ ಬರುತ್ತಿದ್ದರೆ ಮೊದಲ ತುಂಡಿನಲ್ಲಿ ಮಾತ್ರ ಪೋರ್ಟ್ ಇರುತ್ತದೆ. ತುಂಡುಗಳು ಬೇರೆ ಬೇರೆ ಕ್ಯೂಗೆ ಹೋಗಿ ಹಿಂದೆ ಮುಂದೆ ಆಗಬಹುದು. ಹ್ಯಾಶ್ ಬದಲಿಸುವ ಮೊದಲು ಎನ್‌ಸ್ಟ್ಯಾಟ್‌ನಲ್ಲಿ ಐಪಿ ರೀಅಸೆಂಬ್ಲಿ ಕೌಂಟರ್‌ಗಳು ಏರುತ್ತಿವೆಯಾ ನೋಡಿ.

ಇದೇ ಹಂತದಲ್ಲಿ ನೋಡಬೇಕಾದ ಇನ್ನು ಮೂರು:

ಕ್ಯೂ ಎಷ್ಟಿದೆ. ಈಥ್‌ಟೂಲ್ ಸಣ್ಣ ಎಲ್. ಗರಿಷ್ಠ 16 ಇದ್ದು ಈಗ 1 ಇದ್ದರೆ ದೊಡ್ಡ ಎಲ್‌ನಿಂದ ಏರಿಸಿ. ವರ್ಚುವಲ್ ಮೆಷಿನ್ ಆದರೆ ಮಲ್ಟಿಕ್ಯೂ ಅನ್ನು ಮೊದಲು ಹೋಸ್ಟ್ ಕಡೆ ಆನ್ ಮಾಡಿರಬೇಕು, ಒಳಗಿನಿಂದ ಎಷ್ಟು ಗುದ್ದಾಡಿದರೂ ಆಗಲ್ಲ.

ಐಆರ್‌ಕ್ಯೂಬ್ಯಾಲೆನ್ಸ್, ಇಂಟರಪ್ಟ್‌ಗಳನ್ನು ತಾನೇ ಹಂಚುವ ಪ್ರೋಗ್ರಾಂ. ಯಾವ ಇಂಟರಪ್ಟ್ ಯಾವ ಕೋರ್‌ಗೆ ಅಂತ ನೀವು ಕೈಯಾರೆ ಬರೆದಿಟ್ಟರೆ ಈ ಡೀಮನ್ ಸ್ವಲ್ಪ ಹೊತ್ತಿಗೆ ಅಳಿಸಿ ತನ್ನದು ಬರೆಯುತ್ತದೆ. ಕೈಯಾರೆ ಹಂಚುವುದಾದರೆ ಅದನ್ನು ನಿಲ್ಲಿಸಿ, ಇಲ್ಲವೇ ಆ ಇಂಟರಪ್ಟ್‌ಗಳನ್ನು ಮುಟ್ಟಬೇಡ ಅಂತ ಅದರ ಕಾನ್ಫಿಗ್‌ನಲ್ಲಿ ಹೇಳಿ. "ನಿನ್ನೆ ಸರಿಯಾಗಿತ್ತು, ಇವತ್ತು ಮತ್ತೆ ಹಾಗೇ" ಅನ್ನುವವರಲ್ಲಿ ಬಹಳ ಜನ ಇದರ ಬಲಿಪಶುಗಳು.

ನ್ಯೂಮಾ, ಅಂದರೆ ಪ್ರತಿ ಪ್ರೊಸೆಸರ್‌ಗೂ ಹತ್ತಿರದ ಮೆಮೊರಿ ಬೇರೆ ಇರುವ ವ್ಯವಸ್ಥೆ. ಎರಡು ಪ್ರೊಸೆಸರ್ ಇರುವ ಮೆಷಿನ್ ಆದರೆ ಕಾರ್ಡ್ ಯಾವ ಪ್ರೊಸೆಸರ್‌ಗೆ ತಗುಲಿಕೊಂಡಿದೆ ಅಂತ ನೋಡಿ. ಸಿಸ್ ಡೈರೆಕ್ಟರಿಯಲ್ಲಿ ಆ ಇಂಟರ್‌ಫೇಸ್‌ನ ಡಿವೈಸ್ ಒಳಗೆ ನ್ಯೂಮಾ ನೋಡ್ ಫೈಲ್ ಇದೆ. ಇಂಟರಪ್ಟ್‌ಗಳೂ ಅಪ್ಲಿಕೇಶನ್ನೂ ಅದೇ ನೋಡ್‌ನಲ್ಲಿರಲಿ. ಬೇರೆ ನೋಡ್‌ನಲ್ಲಿದ್ದರೆ ಪ್ರತಿ ಪ್ಯಾಕೆಟ್ಟೂ ಎರಡು ಪ್ರೊಸೆಸರ್‌ಗಳ ನಡುವಿನ ಸೇತುವೆ ದಾಟಬೇಕು.

ಇಷ್ಟು ಮಾಡಿದರೂ ಒಂದೇ ಕೋರ್ ಉರಿಯುತ್ತಿದ್ದರೆ ನಿಮ್ಮಲ್ಲಿರುವುದು ಒಂದೇ ಒಂದು ದೊಡ್ಡ ಫ್ಲೋ. ಉದಾಹರಣೆಗೆ ಒಂದು ಟನಲ್. ಹ್ಯಾಶ್‌ನಿಂದ ಅದನ್ನು ಒಡೆಯಲಾಗುವುದಿಲ್ಲ. ಕಳಿಸುವ ಕಡೆಯೇ ಒಡೆಯಬೇಕು.

## ಹಂತ 5: ಸಾಫ್ಟ್‌ಐಆರ್‌ಕ್ಯೂ ಬಜೆಟ್ ಮತ್ತು ಇಂಟರಪ್ಟ್ ವೇಗ

ಸಾಫ್ಟ್‌ನೆಟ್ ಫೈಲ್‌ನ ಮೂರನೆಯ ಕಾಲಂ ಜೋರಾಗಿ ಏರುತ್ತಿದೆ, ಜೊತೆಗೆ ಕಾರ್ಡ್‌ನಲ್ಲೂ ಡ್ರಾಪ್ ಇದೆ ಅಂದರೆ ಮಾತ್ರ ನೆಟ್‌ಡೆವ್ ಬಜೆಟ್ ಮುಟ್ಟಿ. ಡಿಫಾಲ್ಟ್ 300, ಅಂದರೆ ಒಂದು ಸುತ್ತಿನಲ್ಲಿ ಎಲ್ಲ ಕ್ಯೂ ಸೇರಿ 300 ಪ್ಯಾಕೆಟ್. 600 ಮಾಡಿ ನೋಡಿ. ಅದರ ಜೊತೆ ಬಜೆಟ್ ಯುಸೆಕ್ಸ್ ಅನ್ನೋ ಸಮಯದ ಮಿತಿಯೂ ಇದೆ. ಎರಡರಲ್ಲಿ ಯಾವುದು ಮೊದಲು ಮುಗಿದರೂ ಸುತ್ತು ನಿಲ್ಲುತ್ತದೆ. ಒಂದನ್ನೇ ಏರಿಸಿ "ಏನೂ ಆಗಲಿಲ್ಲ" ಅನ್ನುವವರು ಇನ್ನೊಂದನ್ನು ಮರೆತಿರುತ್ತಾರೆ.

ಮೂರನೆಯ ಕಾಲಂ ದಿನಕ್ಕೆ ನಾಲ್ಕು ಸಲ ಏರಿದರೆ ಚಿಂತೆ ಬೇಡ. ಅದು ಡ್ರಾಪ್ ಅಲ್ಲ, "ಇನ್ನೂ ಇತ್ತು" ಅನ್ನುವ ಗುರುತು ಅಷ್ಟೆ. ಬಜೆಟ್ ಜಾಸ್ತಿ ಮಾಡಿದಷ್ಟೂ ಅದೇ ಕೋರ್‌ನಲ್ಲಿರುವ ಅಪ್ಲಿಕೇಶನ್‌ಗೆ ಹೊತ್ತು ಕಡಿಮೆ ಸಿಗುತ್ತದೆ. ಆಗ ಡ್ರಾಪ್ ಕಾರ್ಡಿನಿಂದ ಸಾಕೆಟ್‌ಗೆ ಜಾಗ ಬದಲಿಸುತ್ತದೆ.

ಇಂಟರಪ್ಟ್ ಕೋಅಲೆಸಿಂಗ್‌ಗೆ (ಹಲವು ಪ್ಯಾಕೆಟ್‌ಗೆ ಸೇರಿಸಿ ಒಂದೇ ಇಂಟರಪ್ಟ್ ಕೊಡುವುದು) ಈಥ್‌ಟೂಲ್ ಸಣ್ಣ ಸಿ. ಅಡಾಪ್ಟಿವ್ (ಟ್ರಾಫಿಕ್ ನೋಡಿ ತಾನೇ ಹೊಂದಿಸಿಕೊಳ್ಳುವುದು) ಆನ್ ಇದ್ದರೆ ಹೆಚ್ಚಿನವರು ಅದನ್ನು ಹಾಗೇ ಬಿಡುವುದು ಒಳ್ಳೆಯದು. ವಿಳಂಬ ಮೈಕ್ರೊಸೆಕೆಂಡ್ ಲೆಕ್ಕದಲ್ಲಿ ಮುಖ್ಯ ಅನ್ನುವವರು ಅಡಾಪ್ಟಿವ್ ಆಫ್ ಮಾಡಿ ಆರ್‌ಎಕ್ಸ್ ಯುಸೆಕ್ಸ್ ಇಳಿಸಬಹುದು, ಆದರೆ ಇಂಟರಪ್ಟ್ ಸಂಖ್ಯೆ ಏರಿ ಸಿಪಿಯು ತಿನ್ನುತ್ತದೆ.

ಸಿಪಿಯು ಗವರ್ನರ್ (ಕೋರ್‌ನ ವೇಗ ತೀರ್ಮಾನಿಸುವ ಸೆಟ್ಟಿಂಗ್) ಪರ್ಫಾರ್ಮೆನ್ಸ್‌ನಲ್ಲಿ ಇದೆಯಾ ನೋಡಿ. ಕೋರ್ ಎಷ್ಟು ಗಾಢ ನಿದ್ದೆಗೆ ಹೋಗಬಹುದು ಅನ್ನುವ ಸೆಟ್ಟಿಂಗ್ ಬೇರೆ, ಅದನ್ನೂ ನೋಡಿ. ಟ್ರಾಫಿಕ್ ಅಲೆ ಅಲೆಯಾಗಿ ಬರುವ ಕಡೆ, ಗಾಢ ನಿದ್ದೆಗೆ ಜಾರಿದ ಕೋರ್ ಎದ್ದು ಕಣ್ಣುಜ್ಜುವಷ್ಟರಲ್ಲಿ ಚಿಕ್ಕ ರಿಂಗ್ ತುಂಬಿರುತ್ತದೆ.

## ಹಂತ 6: ನೆಟ್‌ಡೆವ್ ಮ್ಯಾಕ್ಸ್ ಬ್ಯಾಕ್‌ಲಾಗ್ ನಿಮಗೆ ಬೇಕಾ?

ಪಟ್ಟಿ ಅಂಟಿಸುವವರ ಮೆಚ್ಚಿನ ಸಾಲು ಇದು. ಡಿಫಾಲ್ಟ್ 1000, ಎಲ್ಲರೂ ಮೂರು ಲಕ್ಷ ಮಾಡುತ್ತಾರೆ. ನಾಪಿ ಬಳಸುವ ಕಾರ್ಡ್, ಆರ್‌ಪಿಎಸ್ (ಏನು ಅಂತ ಕೆಳಗೆ ಹೇಳಿದ್ದೇನೆ) ಆಫ್ ಅಂದಮೇಲೆ ಕಾರ್ಡಿನಿಂದ ಬರುವ ಪ್ಯಾಕೆಟ್ ಈ ಬ್ಯಾಕ್‌ಲಾಗ್ ಕಡೆ ತಲೆಯನ್ನೂ ಹಾಕುವುದಿಲ್ಲ. ಮೂರು ಲಕ್ಷ ಅಲ್ಲ, ಮೂರು ಕೋಟಿ ಮಾಡಿದರೂ ಏನೂ ಬದಲಾಗದು.

ಆರ್‌ಪಿಎಸ್ ಆನ್ ಇದ್ದಾಗ, ಲೂಪ್‌ಬ್ಯಾಕ್‌ನಲ್ಲಿ, ಕಂಟೇನರ್‌ಗಳ ವೆಥ್ ಜೋಡಿಯಲ್ಲಿ (ಕಂಟೇನರನ್ನು ಹೊರಗೆ ಜೋಡಿಸುವ ವರ್ಚುವಲ್ ಕೇಬಲ್) ಇದು ಲೆಕ್ಕಕ್ಕೆ ಬರುತ್ತದೆ. ಸಾಫ್ಟ್‌ನೆಟ್‌ನ ಎರಡನೆಯ ಕಾಲಂ ಏರುತ್ತಿದ್ದರೆ ಏರಿಸಿ, ಸೊನ್ನೆ ಇದ್ದರೆ ಬಿಟ್ಟುಬಿಡಿ.

ಆರ್‌ಪಿಎಸ್ ಅಂದರೆ ಸಾಫ್ಟ್‌ವೇರ್‌ನಲ್ಲೇ ಹಂಚುವುದು. ಕಾರ್ಡ್‌ಗೆ ಒಂದೇ ಕ್ಯೂ ಇದ್ದಾಗ ಅದು ವರ. ಕೋರ್‌ಗೊಂದು ಕ್ಯೂ ಇರುವಾಗ ಮತ್ತೆ ಆರ್‌ಪಿಎಸ್ ಹಾಕುವುದು ಹಂಚಿದ್ದನ್ನೇ ಮತ್ತೆ ಹಂಚಿದ ಹಾಗೆ, ಖರ್ಚು ಮಾತ್ರ ಜಾಸ್ತಿ.

## ಹಂತ 7: ನಡುವಿನ ದಾರಿಯನ್ನು ಹಗುರ ಮಾಡಿ

ಸಿಪಿಯು ಹಂಚಿಕೆ ಸರಿಯಿದ್ದೂ ಎಲ್ಲ ಕೋರ್ ದುಡಿದು ಸುಸ್ತಾಗಿದ್ದರೆ, ಹೊತ್ತು ಎಲ್ಲಿ ಹೋಗುತ್ತಿದೆ ಅಂತ ಪರ್ಫ್ ಟಾಪ್ ಕೇಳಿ. ನಾನು ಮೊದಲು ಹುಡುಕುವುದು ಎನ್‌ಎಫ್ ಅಂತ ಶುರುವಾಗುವ, ಅಂದರೆ ಫೈರ್‌ವಾಲ್‌ಗೆ ಸೇರಿದ ಫಂಕ್ಷನ್‌ಗಳನ್ನು. ಐಪಿಟೇಬಲ್ಸ್‌ನಲ್ಲಿ ಸಾವಿರ ಸಾಲಿನ ನಿಯಮ ಇದ್ದರೆ ಪ್ಯಾಕೆಟ್ ಒಂದೊಂದನ್ನೂ ದಾಟಿ ಬರಬೇಕು. ಐಪಿಸೆಟ್‌ಗೆ ಅಥವಾ ಎನ್‌ಎಫ್‌ಟೇಬಲ್ಸ್‌ನ ಸೆಟ್‌ಗಳಿಗೆ ಬದಲಿಸಿದರೆ ಸಾವಿರ ಹೋಲಿಕೆ ಒಂದು ಹುಡುಕಾಟಕ್ಕೆ ಇಳಿಯುತ್ತದೆ.

ಕನೆಕ್ಷನ್ ಟ್ರ್ಯಾಕಿಂಗ್ ನಿಜಕ್ಕೂ ಬೇಕಾ ಅಂತ ಕೇಳಿಕೊಳ್ಳಿ. ಲಾಗ್ ಸರ್ವರ್‌ಗೋ ಡಿಎನ್‌ಎಸ್ ಸರ್ವರ್‌ಗೋ ಬರುವ ಯುಡಿಪಿಗೆ ಹೆಚ್ಚಾಗಿ ಬೇಡ. ರಾ ಟೇಬಲ್‌ನಲ್ಲಿ ಆ ಪೋರ್ಟ್‌ಗೆ ನೋಟ್ರ್ಯಾಕ್ ಹಾಕಿ. ಡಿಎನ್‌ಎಸ್‌ಗಾದರೆ ಉತ್ತರ ಹೋಗುವ ದಿಕ್ಕಿಗೂ ಹಾಕಬೇಕು. ಆದರೆ ನ್ಯಾಟ್ (ಐಪಿ ವಿಳಾಸ ಬದಲಿಸುವುದು) ಆಗಬೇಕಾದ ಟ್ರಾಫಿಕ್‌ಗೆ ಹಾಕಿದಿರೋ, ನ್ಯಾಟ್ ನಿಂತುಹೋಗುತ್ತದೆ. ಕಂಟೇನರ್ ಓಡಿಸುವ ಮೆಷಿನ್‌ನಲ್ಲಿ ಹುಷಾರು.

ಜಿಆರ್‌ಓ ಆನ್ ಇರಲಿ. ಎಲ್‌ಆರ್‌ಓ (ಪ್ಯಾಕೆಟ್ ಒಟ್ಟುಗೂಡಿಸುವ ಇನ್ನೊಂದು, ಹಳೆಯ ವಿಧಾನ) ಬೇರೆ, ಇದು ಬೇರೆ. ರೂಟರ್ ಅಥವಾ ಬ್ರಿಡ್ಜ್ ಕೆಲಸ ಮಾಡುವ ಮೆಷಿನ್‌ನಲ್ಲಿ ಎಲ್‌ಆರ್‌ಓ ಇರಬಾರದು. ಅದು ಒಟ್ಟುಗೂಡಿಸಿದ್ದನ್ನು ಮೊದಲಿನಂತೆ ಬಿಡಿಸಿ ಮುಂದೆ ಕಳಿಸಲಾಗುವುದಿಲ್ಲ.

ಯಾವ ಕೌಂಟರೂ ಏರುತ್ತಿಲ್ಲ, ಆದರೂ ಪ್ಯಾಕೆಟ್ ಮಾಯ ಅನ್ನುವ ಸ್ಥಿತಿ ಬಂದರೆ ಪರ್ಫ್‌ನಲ್ಲಿ ಕೆಫ್ರೀ ಎಸ್‌ಕೆಬಿ ಅನ್ನುವ ಟ್ರೇಸ್‌ಪಾಯಿಂಟ್ ಹಿಡಿಯಿರಿ. 5.17 ಕರ್ನಲ್‌ನಿಂದ ಈಚೆಗೆ ಅದು ಬಿಸಾಡಿದ ಕಾರಣವನ್ನೂ ಹೇಳುತ್ತದೆ.

## ಹಂತ 8: ಸಾಕೆಟ್ ಬಫರ್ ಮತ್ತು ಅಪ್ಲಿಕೇಶನ್

ಯುಡಿಪಿ ಆರ್‌ಸಿವಿಬಫ್ ಎರರ್ಸ್ ಏರುತ್ತಿದ್ದರೆ ಕರ್ನಲ್ ತನ್ನ ಕೆಲಸ ಮುಗಿಸಿದೆ. ಪ್ಯಾಕೆಟ್ ಬಾಗಿಲವರೆಗೆ ಬಂದಿದೆ, ಒಳಗೆ ಕರೆಯುವವರಿಲ್ಲ.

ಸಾಮಾನ್ಯವಾಗಿ ಡಿಫಾಲ್ಟ್ ಬಫರ್ 212992 ಬೈಟ್. "ನನ್ನ ಲಾಗ್ ಸಾಲು 200 ಬೈಟ್, ಸಾವಿರ ಹಿಡಿಯುತ್ತೆ" ಅಂತ ಲೆಕ್ಕ ಹಾಕಬೇಡಿ. ಕರ್ನಲ್ ಎಣಿಸುವುದು ನಿಮ್ಮ 200 ಬೈಟನ್ನಲ್ಲ, ಅದಕ್ಕಾಗಿ ಎತ್ತಿಟ್ಟ ಒಟ್ಟು ಮೆಮೊರಿಯನ್ನು. ಡ್ರೈವರ್ ನೋಡಿಕೊಂಡು ಅದು ಪ್ಯಾಕೆಟ್‌ಗೆ 2,000 ಬೈಟ್ ದಾಟಬಹುದು. 2,000 ಅಂತಲೇ ಹಿಡಿದರೆ ಬಫರ್‌ನಲ್ಲಿ ನೂರು ಚಿಲ್ಲರೆ ಪ್ಯಾಕೆಟ್. ಸೆಕೆಂಡಿಗೆ 1 ಲಕ್ಷ ಬರುವ ಕಡೆ ಅದು ಒಂದು ಮಿಲಿಸೆಕೆಂಡಿನ ಸರಕು. ಜಾವಾ ಪ್ರೋಗ್ರಾಂ ಮೆಮೊರಿಯ ಕಸ ಗುಡಿಸಲು (ಗಾರ್ಬೇಜ್ ಕಲೆಕ್ಷನ್) 200 ಮಿಲಿಸೆಕೆಂಡ್ ನಿಂತರೆ 20,000 ಪ್ಯಾಕೆಟ್ ಕಾಯಬೇಕು, ಅದಕ್ಕೆ 40 ಎಂಬಿ ಬೇಕು.

ಬಫರ್ ಏರಿಸಲು ಎರಡು ಕಡೆ ಕೈ ಹಾಕಬೇಕು. ಸಿಸ್‌ಸಿಟಿಎಲ್‌ನ ಆರ್‌ಮೆಮ್ ಮ್ಯಾಕ್ಸ್ ಬರೀ ಮೇಲಿನ ಮಿತಿ. ಅದನ್ನು ಏರಿಸಿದರೆ ಯಾವ ಸಾಕೆಟ್ಟೂ ತಾನಾಗಿ ದೊಡ್ಡದಾಗುವುದಿಲ್ಲ. ಅಪ್ಲಿಕೇಶನ್ ತಾನೇ ಎಸ್‌ಓ ಆರ್‌ಸಿವಿಬಫ್ ಅನ್ನುವ ಸಾಕೆಟ್ ಆಯ್ಕೆಯಿಂದ ಕೇಳಬೇಕು. ಕೇಳಿದ್ದನ್ನು ಕರ್ನಲ್ ದುಪ್ಪಟ್ಟು ಮಾಡಿ ಇಟ್ಟುಕೊಳ್ಳುತ್ತದೆ, ಆದ್ದರಿಂದ ಎಸ್‌ಎಸ್‌ನಲ್ಲಿ ಎರಡರಷ್ಟು ಕಂಡರೆ ಗಾಬರಿ ಬೇಡ. ಎಸ್‌ಎಸ್‌ಗೆ ಯು, ಎಲ್, ಎನ್, ಎಂ ಕೊಟ್ಟರೆ ಪ್ರತಿ ಸಾಕೆಟ್‌ನ ಬಫರ್ ಮತ್ತು ಕೊನೆಯಲ್ಲಿ ಡಿ ಅಕ್ಷರದ ಪಕ್ಕ ಆ ಸಾಕೆಟ್‌ನ ಡ್ರಾಪ್ ಸಂಖ್ಯೆ ಸಿಗುತ್ತದೆ.

ಬಫರ್ ಕ್ಷಣಿಕ ನಿಲುಗಡೆಗೆ ಮದ್ದು. ಓದುವ ಥ್ರೆಡ್ ಸದಾ ಹಿಂದೆ ಬಿದ್ದಿದ್ದರೆ ಅದೇ ಪೋರ್ಟ್‌ಗೆ ಎಸ್‌ಓ ರೀಯೂಸ್‌ಪೋರ್ಟ್ (ಒಂದೇ ಪೋರ್ಟನ್ನು ಹಲವು ಸಾಕೆಟ್ ಹಂಚಿಕೊಳ್ಳುವ ಆಯ್ಕೆ) ಹಾಕಿ ನಾಲ್ಕು ಸಾಕೆಟ್, ನಾಲ್ಕು ಥ್ರೆಡ್ ಮಾಡಿ. ಇಲ್ಲೂ ಹಂಚಿಕೆ ಹ್ಯಾಶ್‌ನಿಂದಲೇ, ಹಂತ 4ರ ಒಂದೇ ಫ್ಲೋ ಕತೆ ಇಲ್ಲಿಗೂ ಅನ್ವಯ. ಒಂದು ಸಿಸ್ಟಂ ಕಾಲ್‌ಗೆ ಒಂದು ಪ್ಯಾಕೆಟ್ ಎತ್ತುತ್ತಿದ್ದರೆ ರಿಸೀವ್ ಎಂ ಮೆಸೇಜ್ ಬಳಸಿ, ಹತ್ತಾರು ಒಟ್ಟಿಗೆ ಬರುತ್ತವೆ.

ಟಿಸಿಪಿಯಲ್ಲಿ ಇದಕ್ಕೆ ಉಲ್ಟಾ. ಅಪ್ಲಿಕೇಶನ್‌ನಲ್ಲಿ ಎಸ್‌ಓ ಆರ್‌ಸಿವಿಬಫ್ ಹಾಕಿದರೆ ಕರ್ನಲ್ ತಾನೇ ಬಫರ್ ಹೊಂದಿಸಿಕೊಳ್ಳುವ ಸೌಲಭ್ಯ ಆಫ್ ಆಗುತ್ತದೆ. ಹಾಕಬೇಡಿ, ಟಿಸಿಪಿ ಆರ್‌ಮೆಮ್‌ನ ಮೂರನೆಯ ಸಂಖ್ಯೆಯನ್ನು ಮಾತ್ರ ಏರಿಸಿ. ಹೋಗಿ ಬರಲು 200 ಮಿಲಿಸೆಕೆಂಡ್ ಹಿಡಿಯುವ ದೂರಕ್ಕೆ 1 ಗಿಗಾಬಿಟ್ ತುಂಬಿಸಬೇಕಾದರೆ ದಾರಿಯಲ್ಲೇ 25 ಎಂಬಿ ಇರಬೇಕು. ತೀರಾ ಹೊಸ ಕರ್ನಲ್‌ಗಳನ್ನು ಬಿಟ್ಟರೆ ಸಾಮಾನ್ಯ ಗರಿಷ್ಠ 6 ಎಂಬಿ. ಬೆಂಗಳೂರಿನಿಂದ ಅಮೆರಿಕಕ್ಕೆ ಒಂದೇ ಕನೆಕ್ಷನ್‌ನಲ್ಲಿ ದೊಡ್ಡ ಫೈಲ್ ಎಳೆಯುವವರು "ಲಿಂಕ್ ಖಾಲಿ ಇದೆ, ಸ್ಪೀಡ್ ಬರಲ್ಲ" ಅನ್ನುವುದರ ಹಿಂದೆ ಹಲವು ಸಲ ಇದೇ ಇರುತ್ತದೆ.

## ಹಂತ 9: ಎಕ್ಸ್‌ಡಿಪಿ, ಬೇರೆ ದಾರಿ ಇಲ್ಲದಾಗ

ಬೇಡದ ಪ್ಯಾಕೆಟ್‌ಗಳ ಪ್ರವಾಹವನ್ನು ಬಿಸಾಡಬೇಕು ಅಂದರೆ ಎಕ್ಸ್‌ಡಿಪಿಗೆ (ಪ್ಯಾಕೆಟ್ ಬಂದ ಕೂಡಲೇ ಓಡುವ, ನೀವೇ ಬರೆದ ಚಿಕ್ಕ ಪ್ರೋಗ್ರಾಂಗೆ) ಸಾಟಿ ಇಲ್ಲ. ಡ್ರೈವರ್‌ನಲ್ಲೇ, ಕರ್ನಲ್ ಪ್ಯಾಕೆಟ್‌ಗೆ ಎಸ್‌ಕೆಬಿ (ಅದರ ವಿವರ ಹೊತ್ತೊಯ್ಯುವ ಕಟ್ಟು) ಕಟ್ಟುವ ಮೊದಲೇ ತೀರ್ಮಾನ ಆಗುತ್ತದೆ. ಆದರೆ ಐಪಿ ಲಿಂಕ್‌ನಲ್ಲಿ ಎಕ್ಸ್‌ಡಿಪಿ ಜೆನೆರಿಕ್ ಅಂತ ಕಂಡರೆ ನಿಮ್ಮ ಪ್ರೋಗ್ರಾಂ ಎಸ್‌ಕೆಬಿ ಕಟ್ಟಿದ ಮೇಲೆ ಓಡುತ್ತಿದೆ, ಲಾಭ ಬಹಳಷ್ಟು ಹೋಯಿತು. ಡ್ರೈವರ್‌ಗೆ ನೇಟಿವ್ ಬೆಂಬಲ ಇದೆಯಾ ಮೊದಲೇ ನೋಡಿ. ಜಂಬೊ ಫ್ರೇಮ್ ಇದ್ದರೆ ಹಲವು ಡ್ರೈವರ್‌ಗಳು ಒಪ್ಪುವುದಿಲ್ಲ.

ಎಕ್ಸ್‌ಡಿಪಿ ಬಿಸಾಡಿದ್ದು ಟಿಸಿಪಿಡಂಪ್‌ನಲ್ಲಿ ಕಾಣುವುದಿಲ್ಲ. ಪ್ರೋಗ್ರಾಂ ಹಾಕಿದವರು ರಜೆ ಮೇಲಿದ್ದಾಗ ಉಳಿದವರು "ಸ್ವಿಚ್ಚೇ ತಿನ್ನುತ್ತಿದೆ" ಅಂತ ಕೇಬಲ್ ಬದಲಿಸುತ್ತಾ ಕೂರುತ್ತಾರೆ. ಬಿಸಾಡಿದ್ದರ ಎಣಿಕೆಗೆ ಒಂದು ಮ್ಯಾಪ್ (ಪ್ರೋಗ್ರಾಂ ಲೆಕ್ಕ ಬರೆದಿಡುವ ಟೇಬಲ್) ಇಟ್ಟುಕೊಂಡೇ ಪ್ರೋಗ್ರಾಂ ಬರೆಯಿರಿ.

## ಹಂತ 10: ರೀಬೂಟ್ ಆದರೂ ಉಳಿಯುವ ಹಾಗೆ ಮಾಡಿ

ಸಿಸ್‌ಸಿಟಿಎಲ್ ಸಾಲುಗಳು ಸಿಸ್‌ಸಿಟಿಎಲ್ ಡಾಟ್ ಡಿ ಒಳಗೆ ಹೋಗಲಿ. ಪ್ರತಿ ಸಾಲಿನ ಮೇಲೆ ಯಾವ ಕೌಂಟರ್ ನೋಡಿ ಇದನ್ನು ಹಾಕಿದಿರಿ, ಮೊದಲು ಎಷ್ಟು ಏರುತ್ತಿತ್ತು, ಆಮೇಲೆ ಎಷ್ಟು ಅಂತ ಕಾಮೆಂಟ್ ಬರೆಯಿರಿ. ಕಾರಣ ಬರೆಯಲಾಗದ ಸಾಲನ್ನು ತೆಗೆಯಿರಿ.

ಈಥ್‌ಟೂಲ್‌ನಲ್ಲಿ ಮಾಡಿದ್ದು ರೀಬೂಟ್‌ಗೆ ಅಳಿಸಿಹೋಗುತ್ತದೆ. ಸಿಸ್ಟಂಡಿ ಇರುವ ಕಡೆ ಲಿಂಕ್ ಫೈಲ್‌ನಲ್ಲಿ ರಿಂಗ್ ಅಳತೆ, ಕ್ಯೂ ಸಂಖ್ಯೆ ಬರೆಯಬಹುದು. ಫ್ಲೋ ಹ್ಯಾಶ್ ಮತ್ತು ಇಂಟರಪ್ಟ್ ಹಂಚಿಕೆಗೆ ಚಿಕ್ಕ ಸರ್ವಿಸ್ ಯೂನಿಟ್ ಬರೆಯಿರಿ, ಅದು ಇಂಟರ್‌ಫೇಸ್ ಎದ್ದ ಮೇಲೆ ಓಡಲಿ. ಕ್ರಮ ತಪ್ಪಬೇಡಿ: ಕ್ಯೂ ಸಂಖ್ಯೆ ಮೊದಲು, ಆಮೇಲೆ ರಿಂಗ್, ಆಮೇಲೆ ಹ್ಯಾಶ್, ಕೊನೆಗೆ ಇಂಟರಪ್ಟ್ ಹಂಚಿಕೆ. ಕ್ಯೂ ಸಂಖ್ಯೆ ಬದಲಿಸಿದಾಗ ಇಂಟರಪ್ಟ್‌ಗಳು ಹೊಸದಾಗಿ ಹುಟ್ಟುತ್ತವೆ, ಮೊದಲೇ ಹಂಚಿದ್ದರೆ ನೀರಲ್ಲಿ ಹೋಮ.

ನಂತರ ಸರ್ವರನ್ನು ನಿಜವಾಗಿ ರೀಬೂಟ್ ಮಾಡಿ, ಹಂತ 2ರ ನಾಲ್ಕೂ ಜಾಗಗಳನ್ನು ಹತ್ತು ನಿಮಿಷ ನೋಡಿ. ಕರ್ನಲ್ ಅಪ್‌ಗ್ರೇಡ್ ಅಥವಾ ಕಾರ್ಡಿನ ಸ್ಲಾಟ್ ಬದಲಾದ ಮೇಲೂ ಇದನ್ನೇ ಮಾಡಿ. ಇಂಟರ್‌ಫೇಸ್‌ನ ಹೆಸರು ಬದಲಾಗಿದ್ದರೆ ನಿಮ್ಮ ಯೂನಿಟ್ ಸದ್ದಿಲ್ಲದೆ ಫೇಲ್ ಆಗಿರುತ್ತದೆ. ಅದು ಫೇಲ್ ಆದರೆ ಮೆಸೇಜ್ ಬರುವ ಹಾಗೆ ಅಲರ್ಟ್ ಇಡಿ.